ಔಷಧಿಗೆ ಹಣವಿತ್ತು, ಅಳತೆಗೋಲಿಗೆ ಇರಲಿಲ್ಲ: ಫ್ರ್ಯಾಜೈಲ್ ಎಕ್ಸ್ ಪ್ರಕರಣ

2013ರ ಮೇ ತಿಂಗಳಲ್ಲಿ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಸೀಸೈಡ್ ಥೆರಪ್ಯೂಟಿಕ್ಸ್ ಎಂಬ ಸಣ್ಣ ಕಂಪನಿ ಫ್ರ್ಯಾಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆ ಅಥವಾ ಆಟಿಸಂ ಇರುವ ಮಕ್ಕಳ ಒಂದಷ್ಟು ಕುಟುಂಬಗಳಿಗೆ ಕಹಿ ಸುದ್ದಿ ಮುಟ್ಟಿಸಿತು. ಅವರ ಮಕ್ಕಳು ಟ್ರಯಲ್, ಅಂದರೆ ಔಷಧಿಯ ಪರೀಕ್ಷೆ, ಮುಗಿದ ಮೇಲೂ ತೆಗೆದುಕೊಳ್ಳುತ್ತಿದ್ದ ಆರ್ಬ್ಯಾಕ್ಲೋಫೆನ್ ಎಂಬ ಪ್ರಾಯೋಗಿಕ ಔಷಧಿ ಇನ್ನು ಸಿಗುವುದಿಲ್ಲ, ಅದನ್ನು ಮುಂದುವರಿಸುವಷ್ಟು ಹಣ ಕಂಪನಿಯಲ್ಲಿಲ್ಲ ಎಂಬುದು ಆ ಸುದ್ದಿ. ಆಟಿಸಂ ಇರುವ ಮಕ್ಕಳ ಮೇಲೆ ನಡೆಸಿದ್ದ ಟ್ರಯಲ್‌ನಲ್ಲಿ ಔಷಧಿ ತನ್ನ ಮುಖ್ಯ ಗುರಿ ಮುಟ್ಟಿರಲಿಲ್ಲ. ಹಲವು ತಂದೆತಾಯಿಗಳು ಮಾತ್ರ ಒಪ್ಪಲಿಲ್ಲ. ನಮ್ಮ ಮಗ ಬದಲಾಗಿದ್ದಾನೆ, ಜನರೊಡನೆ ಬೆರೆಯುತ್ತಿದ್ದಾನೆ, ನಾವು ಕಣ್ಣಾರೆ ಕಂಡಿದ್ದೇವೆ ಎಂದು ಪತ್ರಿಕೆಗಳ ಮುಂದೆ ಹೇಳಿಕೊಂಡರು, ಔಷಧಿ ನಿಲ್ಲಿಸಬೇಡಿ ಎಂದು ಮನವಿ ಮಾಡಿದರು. ಕಂಪನಿಯ ಅಂಕಿಅಂಶ ಒಂದು ಹೇಳುತ್ತಿತ್ತು, ಮನೆಯವರ ಕಣ್ಣು ಇನ್ನೊಂದು ಹೇಳುತ್ತಿತ್ತು.

ಈ ಎರಡರಲ್ಲಿ ಯಾವುದು ನಿಜ ಎಂದು ತೀರ್ಮಾನಿಸುವ ಸಾಧನವೇ ಆಗ ಯಾರ ಕೈಯಲ್ಲೂ ಇರಲಿಲ್ಲ ಎಂಬುದು ಈ ಪ್ರಕರಣದ ತಿರುಳು. ಇಪ್ಪತ್ತು ವರ್ಷಗಳಲ್ಲಿ ಪೋಷಕರ ಸಂಘ, ಸರ್ಕಾರ, ಶ್ರೀಮಂತ ಕುಟುಂಬ, ಬಹುರಾಷ್ಟ್ರೀಯ ಔಷಧಿ ಕಂಪನಿ ಎಲ್ಲರ ಹಣವೂ ಈ ಕ್ಷೇತ್ರಕ್ಕೆ ಹರಿದಿತ್ತು. ಮಗುವಿನಲ್ಲಿ ಆಗುವ ಬದಲಾವಣೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ದಕ್ಕಿದ ಪಾಲು ತೀರಾ ಸಣ್ಣದು.

ಕಾಯಿಲೆ

ಫ್ರ್ಯಾಜೈಲ್ ಎಕ್ಸ್ ಎಂಬುದು ಎಕ್ಸ್ ವರ್ಣತಂತುವಿನ ಮೇಲಿರುವ ಎಫ್‌ಎಂಆರ್-1 ಎಂಬ ಒಂದೇ ಒಂದು ಜೀನ್ ಮುಚ್ಚಿಹೋಗುವುದರಿಂದ ಬರುವ ಸ್ಥಿತಿ. ಈ ಜೀನ್‌ನ ತುದಿಯಲ್ಲಿ ಸಿಜಿಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಇದು ಮೂವತ್ತರ ಆಸುಪಾಸು ಇರುತ್ತದೆ. 55ರಿಂದ 200ರವರೆಗೆ ಹೋದರೆ ಅದು ವಾಹಕ ಸ್ಥಿತಿ. 200 ದಾಟಿದರೆ ಜೀನ್ ಮುಚ್ಚಿಕೊಳ್ಳುತ್ತದೆ, ಅದು ತಯಾರಿಸಬೇಕಾದ ಪ್ರೋಟೀನ್ ತಯಾರಾಗುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ, ಮುಖ್ಯವಾಗಿ ತಾಯಿಯಿಂದ ದಾಟುವಾಗ, ಈ ಸಂಖ್ಯೆ ಬೆಳೆಯುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ವಾಹಕನಾದ ಅಜ್ಜನಿಗೆ ವಯಸ್ಸಾದ ಮೇಲೆ ಕೈ ನಡುಕ ಮತ್ತು ನಡಿಗೆಯ ತೊಂದರೆ, ವಾಹಕಳಾದ ಮಗಳಿಗೆ ನಲವತ್ತಕ್ಕೂ ಮುಂಚೆ ಮುಟ್ಟು ನಿಲ್ಲುವುದು, ಮೊಮ್ಮಗನಿಗೆ ಬೌದ್ಧಿಕ ಅಸಾಮರ್ಥ್ಯ ಮೂರೂ ಕಾಣಿಸಿಕೊಳ್ಳಬಹುದು. ಮೂವರನ್ನೂ ಮೂರು ಬೇರೆ ಬೇರೆ ವೈದ್ಯರು ನೋಡುತ್ತಿರುತ್ತಾರೆ, ಬೇರು ಒಂದೇ ಎಂದು ಯಾರಿಗೂ ಹೊಳೆಯದೆ ವರ್ಷಗಳು ಕಳೆಯುತ್ತವೆ.

ಗಂಡುಮಕ್ಕಳಲ್ಲಿ ಇದು ಹೆಚ್ಚು ತೀವ್ರ. ಅವರಲ್ಲಿ ಹಲವರು ಆಟಿಸಂ ಮಾನದಂಡಗಳಿಗೂ ಒಳಪಡುತ್ತಾರೆ. ಒಂದೇ ಜೀನ್‌ನಿಂದ ಆಟಿಸಂ ಬರುವ ಸಂದರ್ಭಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಹಣಕಾಸಿನ ದೃಷ್ಟಿಯಿಂದ ಈ ಮಾತು ಬಹಳ ಮುಖ್ಯ. ಆಟಿಸಂ ಎಂಬುದು ನೂರಾರು ಜೀನ್‌ಗಳ ಕಾಡು. ಫ್ರ್ಯಾಜೈಲ್ ಎಕ್ಸ್‌ನಲ್ಲಿ ಕಾರಣ ಒಂದೇ, ಅದು 1991ರಲ್ಲೇ ಗೊತ್ತಾಯಿತು; 1994ರಲ್ಲಿ ಅದೇ ಜೀನ್ ತೆಗೆದುಹಾಕಿದ ಇಲಿಯೂ ಸಿದ್ಧವಾಯಿತು. ಈ ಬಾಗಿಲು ತೆರೆದರೆ ಆಟಿಸಂ ಎಂಬ ದೊಡ್ಡ ಮನೆಯೊಳಗೆ ಹೋಗಬಹುದು ಎಂಬ ಲೆಕ್ಕಾಚಾರದಲ್ಲೇ ಮುಂದೆ ದೊಡ್ಡ ಹಣ ಬಂದದ್ದು.

ಮೊದಲ ಹಣ: ಅಪ್ಪ ಅಮ್ಮಂದಿರದು

ಜೀನ್ ಸಿಕ್ಕಿ ಮೂರು ವರ್ಷವಾಗಿದ್ದರೂ ಅದರ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟಿದ್ದವು. 1994ರಲ್ಲಿ ಮೆಸಾಚುಸೆಟ್ಸ್‌ನ ನ್ಯೂಬರಿಪೋರ್ಟ್‌ನಲ್ಲಿ ಕೇಟಿ ಕ್ಲ್ಯಾಪ್, ಮೈಕೆಲ್ ಟ್ರಾನ್‌ಫಾಗ್ಲಿಯಾ ಎಂಬ ದಂಪತಿ ಇನ್ನೊಬ್ಬ ತಾಯಿಯೊಂದಿಗೆ ಸೇರಿ ಫ್ರ್ಯಾಕ್ಸಾ ಎಂಬ ಪ್ರತಿಷ್ಠಾನ ಕಟ್ಟಿದರು. ಆಕೆ ಕಂಪ್ಯೂಟರ್ ವಿಜ್ಞಾನಿ, ಆತ ಮನೋವೈದ್ಯ. ಮಗನಿಗೆ ಫ್ರ್ಯಾಜೈಲ್ ಎಕ್ಸ್. ಅಂದಿನಿಂದ ಈ ಸಂಸ್ಥೆ ಹಂಚಿರುವ ಹಣ 3 ಕೋಟಿ ಡಾಲರಿಗೂ ಹೆಚ್ಚು. ಔಷಧಿ ಉದ್ಯಮದ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು.

ಆದರೆ ಆ ಕಾಸನ್ನು ಅವರು ಹಂಚಿದ ರೀತಿ ಗಮನಿಸಬೇಕು. ಕಟ್ಟಡಕ್ಕೆ ಕೊಡಲಿಲ್ಲ, ಹೆಸರಾಂತ ಪ್ರೊಫೆಸರರ ಪೀಠಕ್ಕೆ ಕೊಡಲಿಲ್ಲ. ಆಗಷ್ಟೇ ಪಿಎಚ್‌ಡಿ ಮುಗಿಸಿದ ಯುವಕ ಯುವತಿಯರಿಗೆ ಎರಡು ವರ್ಷದ ಸಂಬಳ ಕೊಟ್ಟರು. ಆ ಹುಡುಗರು ಯಾವುದೋ ಒಳ್ಳೆಯ ನರವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿ ಬೇರೇನೋ ಮಾಡುತ್ತಿದ್ದ ಪ್ರೊಫೆಸರರ ಮೇಜಿನ ಮೇಲೆ ಫ್ರ್ಯಾಜೈಲ್ ಎಕ್ಸ್ ಇಲಿಯನ್ನು ತಂದಿಡುತ್ತಿದ್ದರು. ಎರಡು ವರ್ಷದಲ್ಲಿ ಒಂದಿಷ್ಟು ಫಲಿತಾಂಶ ಬಂದರೆ ಅದನ್ನು ತೋರಿಸಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ, ಅಂದರೆ ಎನ್‌ಐಎಚ್‌ನಿಂದ, ದೊಡ್ಡ ಅನುದಾನ ತರಬಹುದು. ಜತೆಗೆ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಬ್ಯಾನ್‌ಬರಿ ಕೇಂದ್ರದಲ್ಲಿ ಸಣ್ಣ ಸಭೆಗಳನ್ನು ನಡೆಸಿ, ಒಬ್ಬರ ಮುಖ ಒಬ್ಬರು ನೋಡದ ಜೀನ್ ತಜ್ಞರನ್ನೂ ಸಿನಾಪ್ಸ್ (ನರಕೋಶಗಳು ಒಂದಕ್ಕೊಂದು ಸಂಪರ್ಕಿಸುವ ಜಾಗ) ತಜ್ಞರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಸಣ್ಣ ಹಣದಿಂದ ದೊಡ್ಡ ಹಣ ಎಳೆಯುವುದನ್ನು ಇವರಷ್ಟು ಜಾಣತನದಿಂದ ಮಾಡಿದವರು ಕಡಿಮೆ.

ಸರ್ಕಾರದ ಬಾಗಿಲನ್ನೂ ಬಿಡಲಿಲ್ಲ. 2000ನೇ ಇಸವಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಮಾಡಿದ ಮಕ್ಕಳ ಆರೋಗ್ಯ ಕಾಯ್ದೆಯ ಮೊದಲ ಅಧ್ಯಾಯ ಆಟಿಸಂ ಕುರಿತದ್ದು, ಎರಡನೆಯದು ಫ್ರ್ಯಾಜೈಲ್ ಎಕ್ಸ್ ಕುರಿತದ್ದು. ಸಾವಿರಾರು ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆಗೆ ಇಂಥ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯ ಸಿಗುವುದು ಸುಮ್ಮನೆ ಆಗುವ ಮಾತಲ್ಲ, ಮನೆಮಂದಿ ವಾಷಿಂಗ್ಟನ್‌ಗೆ ಹೋಗಿ ಸಂಸದರ ಕಚೇರಿಗಳಲ್ಲಿ ಕೂತದ್ದರ ಫಲ. ಸಂಶೋಧನಾ ಕೇಂದ್ರಗಳನ್ನು ಕಟ್ಟುವಂತೆ ಎನ್‌ಐಎಚ್‌ಗೆ ಈ ಕಾಯ್ದೆ ಸೂಚಿಸಿತು.

ಸಿದ್ಧಾಂತ

2002ರಲ್ಲಿ ನರವಿಜ್ಞಾನಿಗಳಾದ ಕಿಂಬರ್ಲಿ ಹ್ಯೂಬರ್, ಮಾರ್ಕ್ ಬೇರ್ ಮತ್ತು ಜೀನ್ ಪತ್ತೆ ಮಾಡಿದವರಲ್ಲೊಬ್ಬರಾದ ಸ್ಟೀಫನ್ ವಾರನ್ ಒಟ್ಟಾಗಿ ಒಂದು ಪ್ರಬಂಧ ಪ್ರಕಟಿಸಿದರು. ನರಕೋಶದ ಮೇಲೆ ಸಂಕೇತ ಹಿಡಿಯುವ ಎಂ-ಗ್ಲೂ-ಆರ್5 ಎಂಬ ಗ್ರಾಹಿಯನ್ನು ಕೆಣಕಿದಾಗ ನರಕೋಶಗಳ ನಡುವಿನ ಸಂಪರ್ಕ ಸಡಿಲಗೊಳ್ಳುವ ಪ್ರಕ್ರಿಯೆ ಫ್ರ್ಯಾಜೈಲ್ ಎಕ್ಸ್ ಇಲಿಗಳ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಅತಿಯಾಗಿದೆ ಎಂಬುದು ಅದರ ಸಾರ. 2004ರಲ್ಲಿ ಇದೇ ಮೂವರು ಇದನ್ನು ಸಿದ್ಧಾಂತವಾಗಿ ಬೆಳೆಸಿದರು. ಒಲೆಯ ಮೇಲೆ ಹಾಲಿಟ್ಟಿದ್ದೇವೆ ಎಂದುಕೊಳ್ಳಿ. ಆ ಗ್ರಾಹಿ ಉರಿ ಇದ್ದಂತೆ. ಸಿನಾಪ್ಸ್‌ನಲ್ಲಿ ಪ್ರೋಟೀನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಎಫ್‌ಎಂಆರ್-1ರ ಪ್ರೋಟೀನ್ ಹಾಲು ಉಕ್ಕುವ ಹೊತ್ತಿಗೆ ಉರಿ ತಗ್ಗಿಸುವ ಕೈ. ಫ್ರ್ಯಾಜೈಲ್ ಎಕ್ಸ್‌ನಲ್ಲಿ ಆ ಕೈ ಇಲ್ಲ. ಹಾಗಾದರೆ ಉರಿಯನ್ನೇ ಮೊದಲಿನಿಂದ ಸಣ್ಣದಾಗಿಟ್ಟರೆ?

2005ರಲ್ಲಿ ಹಣ್ಣುನೊಣಗಳಲ್ಲಿ ಇದು ಕೆಲಸ ಮಾಡಿತು. 2007ರಲ್ಲಿ ಬೇರ್ ಪ್ರಯೋಗಾಲಯದ ಗುಲ್ ಡೋಲೆನ್ ಮತ್ತು ಸಂಗಡಿಗರು ಆ ಗ್ರಾಹಿಯ ಪ್ರಮಾಣವನ್ನು ಜೀನ್ ಮಟ್ಟದಲ್ಲೇ ಅರ್ಧಕ್ಕಿಳಿಸಿದ ಇಲಿಗಳಲ್ಲಿ ಹಲವು ಲಕ್ಷಣಗಳು ಸರಿಹೋದದ್ದನ್ನು ತೋರಿಸಿದರು. ಹುಟ್ಟಿನಿಂದ ಬಂದ ಬೌದ್ಧಿಕ ಅಸಾಮರ್ಥ್ಯವನ್ನು ಮಾತ್ರೆ ಕೊಟ್ಟು ಹಿಂದೆ ತಿರುಗಿಸಬಹುದೇನೋ ಎಂದು ಗಂಭೀರ ವಿಜ್ಞಾನಿಗಳು ಬಹಿರಂಗವಾಗಿ ಮಾತಾಡಲು ಶುರುಮಾಡಿದ್ದು ಆಗ. ಅದಕ್ಕೂ ಮುಂಚೆ ಹಾಗೆಂದಿದ್ದರೆ ನಗುತ್ತಿದ್ದರು.

ದೊಡ್ಡ ಹಣ

ಬೇರ್ ಮತ್ತು ರ‍್ಯಾಂಡಲ್ ಕಾರ್ಪೆಂಟರ್ 2005ರಲ್ಲಿ ಸೀಸೈಡ್ ಕಂಪನಿ ಹುಟ್ಟುಹಾಕಿದರು. ಬಂಡವಾಳದ ದೊಡ್ಡ ಪಾಲು ಒಂದು ಶ್ರೀಮಂತ ಕುಟುಂಬದ್ದು, ಜತೆಗೆ ಎನ್‌ಐಎಚ್ ಅನುದಾನವೂ ಇತ್ತು. ಇವರ ಆರ್ಬ್ಯಾಕ್ಲೋಫೆನ್ ಹೊಸ ಅಣುವೇನೂ ಅಲ್ಲ. ಸ್ನಾಯು ಬಿಗಿತಕ್ಕೆ ದಶಕಗಳಿಂದ ಕೊಡುತ್ತಿರುವ ಬ್ಯಾಕ್ಲೋಫೆನ್‌ನ ಒಂದು ರೂಪ. ಗ್ರಾಹಿಯನ್ನು ನೇರವಾಗಿ ತಡೆಯದೆ, ಅದನ್ನು ಕೆಣಕುವ ಗ್ಲುಟಮೇಟ್ ಎಂಬ ರಾಸಾಯನಿಕದ ಬಿಡುಗಡೆಯನ್ನು ತಗ್ಗಿಸುವ ದಾರಿ ಇದು. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಮತ್ತು ರೋಷ್ ಎರಡೂ ಗ್ರಾಹಿಯನ್ನೇ ನೇರವಾಗಿ ತಡೆಯುವ ಔಷಧಿಗಳೊಂದಿಗೆ ಕಣಕ್ಕಿಳಿದವು. ನೊವಾರ್ಟಿಸ್‌ನದು ಮಾವೊಗ್ಲುರಾಂಟ್, ರೋಷ್‌ನದು ಬಸಿಮ್‌ಗ್ಲುರಾಂಟ್. ಎರಡು ದೈತ್ಯ ಕಂಪನಿಗಳು ಏಕಕಾಲಕ್ಕೆ ಒಂದು ಅಪರೂಪದ ಬಾಲ್ಯ ಕಾಯಿಲೆಯ ಹಿಂದೆ ಬಿದ್ದದ್ದನ್ನು ಕಂಡು ಪೋಷಕರ ಸಂಘಗಳಿಗೆ ಹಬ್ಬವೇ ಆಯಿತು.

ಇನ್ನು ಟ್ರಯಲ್‌ಗಳ ಕಥೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಮಗುವಿಗೆ ಔಷಧಿ ಕೆಲಸ ಮಾಡಿತೇ ಎಂದು ತಿಳಿಯುವುದು ಹೇಗೆ? ರಕ್ತದೊತ್ತಡಕ್ಕೆ ಪಟ್ಟಿ ಕಟ್ಟಿ ನೋಡಬಹುದು, ಸಕ್ಕರೆಗೆ ಬೆರಳು ಚುಚ್ಚಬಹುದು. ಇಲ್ಲಿ ಬಳಸಿದ್ದು ಅಸಹಜ ವರ್ತನೆಗಳ ಪ್ರಶ್ನಾವಳಿ ಒಂದನ್ನು. 1985ರಲ್ಲಿ ಪ್ರಕಟವಾದ ಅದರಲ್ಲಿ 58 ಪ್ರಶ್ನೆಗಳಿವೆ. ಅದನ್ನು ರೂಪಿಸಿದ್ದು ವಸತಿ ಸಂಸ್ಥೆಗಳಲ್ಲಿದ್ದ ತೀವ್ರ ಬೌದ್ಧಿಕ ಅಸಾಮರ್ಥ್ಯದವರನ್ನು ಗಮನದಲ್ಲಿಟ್ಟುಕೊಂಡು. ಸಿಟ್ಟು, ಚಡಪಡಿಕೆ, ಒಂದೇ ಚಲನೆಯ ಪುನರಾವರ್ತನೆ ಇವೆಲ್ಲ ಎಷ್ಟಿವೆ ಎಂದು ಮಗುವನ್ನು ಬಲ್ಲವರು, ಸಾಮಾನ್ಯವಾಗಿ ತಾಯಿ, ಗುರುತು ಹಾಕಬೇಕು. ಆ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. ಆದರೆ ಇಲಿಯಲ್ಲಿ ಸರಿಹೋದದ್ದು ಸಿನಾಪ್ಸ್, ಕಲಿಕೆ, ನೆನಪು. ಮಗುವಿನಲ್ಲಿ ಅಳೆದದ್ದು ರಂಪ ಎಷ್ಟು ಕಡಿಮೆಯಾಯಿತು ಎಂಬುದನ್ನು.

ಆರ್ಬ್ಯಾಕ್ಲೋಫೆನ್‌ನ ಮೊದಲ ದೊಡ್ಡ ಟ್ರಯಲ್‌ನಲ್ಲಿ 63 ಮಂದಿ ಇದ್ದರು, ಆರು ವರ್ಷದ ಮಕ್ಕಳಿಂದ ಹಿಡಿದು ನಲವತ್ತರ ಸಮೀಪದವರವರೆಗೆ. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಿಟ್ಟಿನ ಅಂಕ ಎಂಬ ಮುಖ್ಯ ಗುರಿ ಸೋತಿತು. ಆದರೆ ಅದೇ ಪ್ರಶ್ನಾವಳಿಯನ್ನು ಫ್ರ್ಯಾಜೈಲ್ ಎಕ್ಸ್‌ಗೆ ಹೊಂದುವಂತೆ ಮರುವಿಂಗಡಿಸಿದಾಗ ‘ಜನರಿಂದ ದೂರ ಸರಿಯುವುದು’ ಎಂಬ ಸಣ್ಣ ಗುಂಪಿನ ಕೆಲವೇ ಪ್ರಶ್ನೆಗಳಲ್ಲಿ ಸುಧಾರಣೆ ಕಂಡಿತು. ಫ್ರ್ಯಾಜೈಲ್ ಎಕ್ಸ್ ಮಕ್ಕಳನ್ನು ಬಲ್ಲವರಿಗೆ ಇದು ಅರ್ಥವಾಗುವ ಮಾತೇ: ಆ ಮಕ್ಕಳಿಗೆ ಜನ ಬೇಕು, ಆದರೆ ಎದುರಾದರೆ ತಾಳಲಾರದ ಆತಂಕ, ಮುಖ ತಿರುಗಿಸಿಕೊಂಡೇ ಕೈಕುಲುಕುತ್ತಾರೆ. ಹಾಗಾಗಿ ಮುಂದಿನ ಮೂರನೇ ಹಂತದ ಟ್ರಯಲ್‌ಗಳಿಗೆ ಅದನ್ನೇ ಮುಖ್ಯ ಗುರಿಯಾಗಿ ಹಿಡಿದರು. ಬೆರಳೆಣಿಕೆಯ ಪ್ರಶ್ನೆಗಳ ಮೇಲೆ ಇಡೀ ಕಂಪನಿಯ ಭವಿಷ್ಯ ನಿಂತಿತು. 12 ವರ್ಷ ಮೇಲ್ಪಟ್ಟವರ ಟ್ರಯಲ್ ಒಂದು, 5ರಿಂದ 11 ವರ್ಷದ ಮಕ್ಕಳದು ಇನ್ನೊಂದು. ಎರಡರಲ್ಲೂ ಆ ಗುರಿ ಸೋತಿತು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನ ಡೋಸ್ ಪಡೆದ ಗುಂಪಿನಲ್ಲಿ ಸಿಟ್ಟು ಮತ್ತು ಪೋಷಕರ ಒತ್ತಡದ ಅಂಕಗಳು ಸುಧಾರಿಸಿದ್ದವು. ಮೊದಲ ಟ್ರಯಲ್‌ನಲ್ಲಿ ಸಿಟ್ಟು ಸೋತು ಸಾಮಾಜಿಕ ಅಂಕ ಗೆದ್ದಿತ್ತು. ಈಗ ಸಾಮಾಜಿಕ ಅಂಕ ಸೋತು ಸಿಟ್ಟು ಗೆದ್ದಿತು. ಔಷಧಿಯ ಗುಣ ಹೀಗೆ ಕುಣಿಯುವುದು ಅಪರೂಪ, ಅಳತೆ ಕುಣಿದಿರುವ ಸಾಧ್ಯತೆಯೇ ಹೆಚ್ಚು.

ನೊವಾರ್ಟಿಸ್‌ನದು ಬೇರೆ ರೀತಿಯ ಎಡವಟ್ಟು. 2011ರಲ್ಲಿ 30 ಪುರುಷರ ಮೇಲಿನ ಪ್ರಯೋಗದಲ್ಲಿ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಆದರೆ ಜೀನ್ ಸಂಪೂರ್ಣ ಮುಚ್ಚಿಕೊಂಡಿದ್ದ 7 ಮಂದಿಯಲ್ಲಿ ಸುಧಾರಣೆ ಕಂಡಿತು. ಆ ಏಳು ಮಂದಿಯನ್ನು ನಂಬಿ ಹಲವು ದೇಶಗಳಲ್ಲಿ 175 ವಯಸ್ಕರು ಮತ್ತು 139 ಹದಿಹರೆಯದವರ ಎರಡು ಟ್ರಯಲ್ ನಡೆಸಿದರು. ಜೀನ್ ಮುಚ್ಚಿದವರಲ್ಲೂ, ಮುಚ್ಚದವರಲ್ಲೂ ಹುಸಿ ಮಾತ್ರೆಗಿಂತ, ಅಂದರೆ ಹೋಲಿಕೆಗೆಂದು ಕೊಡುವ ಔಷಧಿಯಿಲ್ಲದ ಮಾತ್ರೆಗಿಂತ, ಔಷಧಿ ಮೇಲೆನಿಸಲಿಲ್ಲ. 2014ರಲ್ಲಿ ನೊವಾರ್ಟಿಸ್ ಕೈತೊಳೆದುಕೊಂಡಿತು. ರೋಷ್ ಔಷಧಿಯೂ ಗುರಿ ಮುಟ್ಟದೆ ಹಿಂದೆ ಸರಿಯಿತು.

ಈ ಟ್ರಯಲ್‌ಗಳಲ್ಲಿ ಹುಸಿ ಮಾತ್ರೆ ನುಂಗಿದವರ ಅಂಕಗಳೂ ಗಣನೀಯವಾಗಿ ಸುಧಾರಿಸಿದ್ದವು. ಇದರಲ್ಲಿ ತಾಯಂದಿರ ತಪ್ಪೇನೂ ಇಲ್ಲ. ಇಪ್ಪತ್ತು ವರ್ಷ ಕಾದ ಔಷಧಿ ಬಂದಿದೆ, ತಿಂಗಳಿಗೊಮ್ಮೆ ತಜ್ಞರು ಗಂಟೆಗಟ್ಟಲೆ ಕೂತು ಮಾತಾಡುತ್ತಾರೆ, ಮಗುವನ್ನು ಹೊಸ ಕಣ್ಣಿಂದ ನೋಡಲು ಶುರುಮಾಡುತ್ತೇವೆ. ಕಳೆದ ವಾರಕ್ಕಿಂತ ಈ ವಾರ ಮೇಲು ಎಂದು ಯಾರಿಗೆ ಅನ್ನಿಸುವುದಿಲ್ಲ? ಅಂಥ ಅನಿಸಿಕೆಯನ್ನೇ ಅಳತೆಯಾಗಿ ಹಿಡಿದು ಬೃಹತ್ ಮೊತ್ತದ ಟ್ರಯಲ್ ಕಟ್ಟಿದವರನ್ನು ಕೇಳಬೇಕು.

ಗೊತ್ತಿರಲಿಲ್ಲವೇ?

ಗೊತ್ತಿತ್ತು. ಎನ್‌ಐಎಚ್ ಕರೆದ ತಜ್ಞರ ಗುಂಪೊಂದು ಫ್ರ್ಯಾಜೈಲ್ ಎಕ್ಸ್ ಟ್ರಯಲ್‌ಗಳಿಗೆ ಯಾವ ಅಳತೆ ಯೋಗ್ಯ ಎಂದು ಪರಿಶೀಲಿಸಿ, ಸಿದ್ಧವಾಗಿರುವ ಒಳ್ಳೆಯ ಸಾಧನ ಇಲ್ಲವೆಂದೇ ಬರೆಯಿತು. ಆ ವರದಿ ಪ್ರಕಟವಾದದ್ದು 2013ರಲ್ಲಿ. ಹೊತ್ತಿಗೆ ಸರಿಯಾಗಿ ಬಂತು ಎನ್ನುವಂತಿಲ್ಲ, ಟ್ರಯಲ್‌ಗಳ ಜನ ಆಗಲೇ ಸೇರಿಯಾಗಿತ್ತು.

ಮುಂಚೆ ಯಾಕೆ ಆಗಲಿಲ್ಲ ಎಂದರೆ ಹಣ ಹರಿಯುವ ದಾರಿಯನ್ನು ನೋಡಬೇಕು. ಪೋಷಕರ ಪ್ರತಿಷ್ಠಾನಕ್ಕೆ ದೇಣಿಗೆ ಕೊಡುವವರು ಗುಣವಾಗಲಿ ಎಂದು ಕೊಡುತ್ತಾರೆ. ‘ನಿಮ್ಮ ಹಣದಲ್ಲಿ ಒಂದು ಪರೀಕ್ಷೆಯನ್ನು ಮೂರು ನೂರು ಮಕ್ಕಳಿಗೆ ಎರಡೆರಡು ಬಾರಿ ಕೊಟ್ಟು ಅಂಕ ಸ್ಥಿರವಾಗಿದೆಯೇ ನೋಡುತ್ತೇವೆ’ ಎಂದು ಹೇಳಿ ಚಂದಾ ಎತ್ತುವುದು ಕಷ್ಟ. ಸರ್ಕಾರಿ ಅನುದಾನದ ಸಮಿತಿಯಲ್ಲಿ ಕೂತವರಿಗೆ ಹೊಸ ಅಣು, ಹೊಸ ಮಾರ್ಗ ಕಣ್ಣಿಗೆ ಬೀಳುತ್ತದೆ. ಪ್ರಶ್ನಾವಳಿ ಸರಿಮಾಡುವ ಅರ್ಜಿ ಗುಮಾಸ್ತಗಿರಿಯಂತೆ ತೋರುತ್ತದೆ. ಕಂಪನಿಗೋ, ತಾನು ಹಣ ಹಾಕಿ ಮಾಡಿದ ಅಳತೆಯನ್ನು ನಾಳೆ ಪ್ರತಿಸ್ಪರ್ಧಿಯೂ ಬಳಸುತ್ತಾನೆ. ಜೊತೆಗೆ ಪೇಟೆಂಟ್ ಗಡಿಯಾರ ಓಡುತ್ತಿರುತ್ತದೆ, ಐದು ವರ್ಷ ಕಾಯಲು ಪುರುಸೊತ್ತಿಲ್ಲ. ಎಲ್ಲರಿಗೂ ಬೇಕಾದ, ಯಾರಿಗೂ ಸ್ವಂತವಾಗದ ಕೆಲಸ ಹೀಗೆ ಮೂಲೆ ಸೇರುತ್ತದೆ. ಊರ ಮಂದಿಗೆಲ್ಲ ಗೊತ್ತಿರುವ ಸಂಗತಿಯಾದರೂ ಅನುದಾನದ ನಿಯಮಗಳನ್ನು ಬರೆಯುವವರಿಗೆ ಅದು ತಟ್ಟಲು ಮೂರು ಔಷಧಿಗಳು ಸಾಯಬೇಕಾಯಿತು.

ಅಳತೆಯೊಂದೇ ಕಾರಣ ಎಂದು ನಾನು ವಾದಿಸುತ್ತಿಲ್ಲ. ಇಲಿಗಳಿಗೆ ಔಷಧಿ ಕೊಟ್ಟದ್ದು ಹೆಚ್ಚಾಗಿ ಎಳವೆಯಲ್ಲಿ. ಟ್ರಯಲ್‌ಗಳಲ್ಲಿ ಹೆಚ್ಚಿನವರು ಹದಿಹರೆಯದವರು ಮತ್ತು ವಯಸ್ಕರು, ಯಾಕೆಂದರೆ ಸುರಕ್ಷತೆಯ ನಿಯಮದ ಪ್ರಕಾರ ಹೊಸ ಔಷಧಿಯನ್ನು ಮೊದಲು ದೊಡ್ಡವರಿಗೇ ಕೊಡಬೇಕು. ಮೂರು ತಿಂಗಳಲ್ಲಿ ಮೂವತ್ತು ವರ್ಷದ ಮೆದುಳು ಹೊಸದಾಗಿ ಕಲಿಯಬೇಕೆಂದು ನಿರೀಕ್ಷಿಸಿದಂತಾಯಿತು. ಅದಲ್ಲದೆ ಸಿದ್ಧಾಂತವೇ ಮೆದುಳಿನ ಎಲ್ಲ ಭಾಗಕ್ಕೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಇತ್ತು. ಆ ಪ್ರಶ್ನೆ ಎತ್ತಿದವರಲ್ಲಿ ಬೆಂಗಳೂರಿನವರೂ ಇದ್ದರು.

ಬೆಂಗಳೂರಿನ ಎಳೆ

ಹಿಪೊಕ್ಯಾಂಪಸ್ ನೆನಪಿನ ತಾಣ. ಫ್ರ್ಯಾಜೈಲ್ ಎಕ್ಸ್ ಮಕ್ಕಳನ್ನು ಕಾಡುವುದು ನೆನಪಿಗಿಂತ ಹೆಚ್ಚಾಗಿ ಆತಂಕ, ಅದರ ತಾಣ ಅಮಿಗ್ಡಲ. 2010ರಲ್ಲಿ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯದ ಅಪರ್ಣಾ ಸುವ್ರತನ್ ಮತ್ತು ಸಹೋದ್ಯೋಗಿಗಳು ಇದೇ ಇಲಿಯ ಅಮಿಗ್ಡಲವನ್ನು ನೋಡಿದರು. ಹಿಪೊಕ್ಯಾಂಪಸ್‌ನಲ್ಲಿ ಆ ಗ್ರಾಹಿಯ ಪರಿಣಾಮ ಅತಿಯಾಗಿತ್ತು. ಅಮಿಗ್ಡಲದಲ್ಲಿ ಅದರ ಮೂಲಕ ಆಗಬೇಕಾದ ಸಂಪರ್ಕ ಬಲವರ್ಧನೆಯೇ ಕುಗ್ಗಿತ್ತು. ಗ್ರಾಹಿಯನ್ನು ತಡೆಯುವ ಪ್ರಾಯೋಗಿಕ ರಾಸಾಯನಿಕ ಕೊಟ್ಟಾಗ ಕೆಲವು ದೋಷ ಸರಿಹೋಯಿತು, ಈ ಬಲವರ್ಧನೆ ಮಾತ್ರ ಮರಳಲಿಲ್ಲ. ಒಂದೇ ಮೆದುಳಿನ ಎರಡು ಕೋಣೆಗಳು ಎರಡು ರೀತಿ ವರ್ತಿಸುತ್ತವೆ ಎಂಬ ಸುಳಿವು ಇದು. ನೊವಾರ್ಟಿಸ್, ರೋಷ್ ಎರಡರ ನೆಲೆಯಾದ ಬಾಸೆಲ್ ನಗರದಲ್ಲಿ ದೊಡ್ಡ ಟ್ರಯಲ್‌ಗಳ ಯೋಜನೆ ನಡೆಯುತ್ತಿದ್ದ ಕಾಲಕ್ಕೆ ಇಂಥದ್ದೊಂದು ಪ್ರಬಂಧ ಅಚ್ಚಾಗಿತ್ತು. ಅದು ಟ್ರಯಲ್‌ಗಳನ್ನು ತಡೆಯಬೇಕಿತ್ತು ಎಂದಲ್ಲ. ಯಾವ ಲಕ್ಷಣ ಸರಿಹೋಗಬಹುದು, ಯಾವುದು ಹೋಗದಿರಬಹುದು ಎಂದು ಮೊದಲೇ ಯೋಚಿಸಲು ಒಂದು ಕಾರಣವಾಗಬಹುದಿತ್ತು.

ಮುಂದೆ ಅದೇ ಆವರಣದ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಮೆದುಳಿನ ಬೆಳವಣಿಗೆ ಮತ್ತು ದುರಸ್ತಿ ಕುರಿತ ಕೇಂದ್ರ ಎಡಿನ್‌ಬರೊ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಶುರುವಾಯಿತು. ಇದರ ಹಿಂದೆ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣವಿತ್ತು. ಈ ಸಹಯೋಗದಿಂದ 2019ರಲ್ಲಿ ಒಂದು ಗಮನಾರ್ಹ ಪ್ರಬಂಧ ಬಂತು. ಕೊಲೆಸ್ಟ್ರಾಲ್‌ಗೆ ಕೊಡುವ ಲೊವಾಸ್ಟಾಟಿನ್ ಎಂಬ ಅಗ್ಗದ ಔಷಧಿಯನ್ನು ಎಳೆಯ ಫ್ರ್ಯಾಜೈಲ್ ಎಕ್ಸ್ ಹೆಗ್ಗಣಗಳಿಗೆ ಕೆಲವು ವಾರ ಮಾತ್ರ ಕೊಟ್ಟು ನಿಲ್ಲಿಸಿದರು. ತಿಂಗಳುಗಳ ನಂತರವೂ ಕಲಿಕೆ ಸರಿಯಾಗಿಯೇ ಉಳಿದಿತ್ತು. ಯಾವಾಗ ಕೊಡಬೇಕು ಎಂಬುದು ಏನು ಕೊಡಬೇಕು ಎಂಬಷ್ಟೇ ಮುಖ್ಯ ಎಂದು ಇದಕ್ಕಿಂತ ಸ್ಪಷ್ಟವಾಗಿ ಪ್ರಾಣಿಗಳಲ್ಲಿ ತೋರಿಸುವುದು ಕಷ್ಟ. ಮನುಷ್ಯರಲ್ಲಿ ಲೊವಾಸ್ಟಾಟಿನ್ ಟ್ರಯಲ್ ಕ್ಯಾಲಿಫೋರ್ನಿಯಾದಲ್ಲಿ ನಡೆದಿದೆ; 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಔಷಧಿಯ ಗುಂಪಿಗೂ ಹುಸಿ ಮಾತ್ರೆಯ ಗುಂಪಿಗೂ ವ್ಯತ್ಯಾಸವಿರಲಿಲ್ಲ. ಆದರೆ ಅಲ್ಲಿದ್ದವರು ಎಳೆಗೂಸುಗಳಲ್ಲ, 10 ವರ್ಷ ದಾಟಿದವರು.

ಸೋತ ಮೇಲೆ ಬಂದ ಹಣ

ಮೂರು ಔಷಧಿಗಳೂ ಮಣ್ಣುಮುಕ್ಕಿದ ಮೇಲೆ ಎಲ್ಲರೂ ಎದ್ದು ಹೋಗುತ್ತಾರೆಂದುಕೊಂಡಿದ್ದವರೇ ಹೆಚ್ಚು. ಕಂಪನಿಗಳು ಹೋದವು ನಿಜ. ಉಳಿದವರು ಆಗ ಮಾಡಿದ ಎರಡು ಕೆಲಸಗಳೇ ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳವು ಎನಿಸುತ್ತವೆ.

ಮೊದಲನೆಯದು, ನೊವಾರ್ಟಿಸ್ ಕೈಬಿಟ್ಟ ಅದೇ ಔಷಧಿಯನ್ನು ಎನ್‌ಐಎಚ್ ತನ್ನ ಹಣದಲ್ಲಿ ಮತ್ತೆ ಪರೀಕ್ಷೆಗೆ ಒಡ್ಡಿದ್ದು. ಚಿಕಾಗೊದ ರಷ್ ವಿಶ್ವವಿದ್ಯಾಲಯದ ಎಲಿಜಬೆತ್ ಬೆರಿ-ಕ್ರೇವಿಸ್ ಅದರ ಮುಂದಾಳು. ಈ ಸಲ ಸೇರಿಸಿಕೊಂಡದ್ದು ಸರಿಸುಮಾರು ಮೂರರಿಂದ ಆರು ವರ್ಷದ ಮಕ್ಕಳನ್ನು. ಔಷಧಿಯ ಜತೆಗೆ ಮಗುವಿಗೆ ಮಾತು ಕಲಿಸುವ ಕ್ರಮವನ್ನೂ ಅಪ್ಪ ಅಮ್ಮಂದಿರಿಗೆ ವಿಡಿಯೊ ಕರೆಯಲ್ಲಿ ಹೇಳಿಕೊಟ್ಟರು. ಮೆದುಳು ಕಲಿಯಲು ಸಿದ್ಧವಾದರೂ ಕಲಿಸುವವರು ಬೇಕಲ್ಲ. ಮುಖ್ಯ ಅಳತೆ ತಾಯಿಯ ಅನಿಸಿಕೆಯಾಗಿರಲಿಲ್ಲ. ಮಗು ದೊಡ್ಡವರೊಡನೆ ಆಡುವುದನ್ನು ವಿಡಿಯೊ ಮಾಡಿ, ಯಾವ ಗುಂಪಿನ ಮಗು ಎಂದು ಗೊತ್ತಿಲ್ಲದವರು ಅದರ ಸಂವಹನವನ್ನು ಎಣಿಸಿ ಅಂಕ ಕೊಟ್ಟರು. 2024ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡೂ ಗುಂಪಿನ ಮಕ್ಕಳ ಭಾಷೆ ಬೆಳೆದಿತ್ತು, ಔಷಧಿಯಿಂದ ಹೆಚ್ಚುವರಿ ಲಾಭವಿರಲಿಲ್ಲ.

ಇದನ್ನು ಇನ್ನೊಂದು ಸೋಲು ಎಂದು ಬರೆದುಬಿಡುವವರಿದ್ದಾರೆ. ನನ್ನ ಲೆಕ್ಕದಲ್ಲಿ ಹಾಗಲ್ಲ. 2013ರಲ್ಲಿ ಔಷಧಿ ನಿಂತಾಗ ಪೋಷಕರಿಗೆ ಸಿಕ್ಕದ್ದು ಗೊಂದಲ. ಕೆಲಸ ಮಾಡುತ್ತಿತ್ತೋ ಇಲ್ಲವೋ, ಹಣವಿದ್ದಿದ್ದರೆ ಏನಾಗುತ್ತಿತ್ತೋ ಎಂಬ ಕೊರಗು. 2024ರಲ್ಲಿ ಸಿಕ್ಕದ್ದು ಉತ್ತರ. ಸರಿಯಾದ ವಯಸ್ಸು, ಸರಿಯಾದ ಅಳತೆ, ಸಾಕಷ್ಟು ಕಾಲ ಎಲ್ಲ ಕೊಟ್ಟು ನೋಡಿಯಾಯಿತು, ಈ ದಾರಿಯಲ್ಲಿ ಇನ್ನು ಹೋಗುವುದು ಬೇಡ ಎಂದು ಹೇಳಲು ಬಂತು. ಲಾಭದ ಕಂಪನಿ ಇಂಥ ಉತ್ತರಕ್ಕಾಗಿ ಎಂದೂ ಹಣ ಹಾಕುವುದಿಲ್ಲ. ಸಾರ್ವಜನಿಕ ಹಣಕ್ಕೆ ಮಾತ್ರ ಆ ತಾಳ್ಮೆ ಇರಲು ಸಾಧ್ಯ.

ಎರಡನೆಯದು ಇನ್ನೂ ಸದ್ದಿಲ್ಲದ ಕೆಲಸ. ಎನ್‌ಐಎಚ್ ಬಳಿ ಟ್ಯಾಬ್ಲೆಟ್ ಪರದೆಯ ಮೇಲೆ ಮಾಡುವ ಬುದ್ಧಿಶಕ್ತಿ ಪರೀಕ್ಷೆಗಳ ಒಂದು ಕಟ್ಟು ಇತ್ತು. ಸಾಮಾನ್ಯ ಜನರಿಗೆಂದು ಮಾಡಿದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಡೇವಿಡ್ ಹೆಸ್ಲ್ ಅದನ್ನು ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಹೊಂದಿಸುವ ಕೆಲಸಕ್ಕೆ ಸರ್ಕಾರಿ ಅನುದಾನ ಪಡೆದರು. ಫ್ರ್ಯಾಜೈಲ್ ಎಕ್ಸ್, ಡೌನ್ ಸಿಂಡ್ರೋಮ್ ಮತ್ತು ಇತರ ಕಾರಣಗಳಿಂದ ಅಸಾಮರ್ಥ್ಯ ಇರುವವರಿಗೆ ಅದನ್ನು ಕೊಟ್ಟು, ಮತ್ತೆ ಕೊಟ್ಟು, ಯಾವ ಮಾನಸಿಕ ವಯಸ್ಸಿನಿಂದ ಮೇಲೆ ಅದು ನಂಬಿಕೆಗೆ ಅರ್ಹ ಎಂದು ಕಂಡುಕೊಂಡರು. ಪತ್ರಿಕೆಯ ಮುಖಪುಟಕ್ಕೆ ಬರುವ ಸಾಧನೆ ಇದಲ್ಲ.

ಅದರ ಪ್ರಯೋಜನ 2021ರಲ್ಲಿ ಕಾಣಿಸಿತು. ಬೆರಿ-ಕ್ರೇವಿಸ್ 1992ರಲ್ಲೇ ಫ್ರ್ಯಾಜೈಲ್ ಎಕ್ಸ್ ಇರುವವರ ರಕ್ತದ ಕಿರುಬಿಲ್ಲೆಗಳಲ್ಲಿ (ಪ್ಲೇಟ್‌ಲೆಟ್) ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣು ಕಡಿಮೆ ತಯಾರಾಗುತ್ತದೆ ಎಂದು ಬರೆದಿದ್ದರು. ಎಂ-ಗ್ಲೂ-ಆರ್ ಸಿದ್ಧಾಂತದ ಭರಾಟೆಯಲ್ಲಿ ಅದು ಹಿಂದೆ ಸರಿದಿತ್ತು. ಆ ಅಣುವಿನ ಪ್ರಮಾಣ ಹೆಚ್ಚಿಸುವ ಜಟೊಲ್ಮಿಲಾಸ್ಟ್ ಎಂಬ ಔಷಧಿಯನ್ನು ಟೆಟ್ರಾ ಎಂಬ ಸಣ್ಣ ಕಂಪನಿ ಬೇರೆ ಉದ್ದೇಶಕ್ಕೆ ರೂಪಿಸುತ್ತಿತ್ತು. ಫ್ರ್ಯಾಕ್ಸಾ ಮತ್ತೆ ತನ್ನ ಹಳೇ ವರಸೆ ಹಿಡಿಯಿತು: ಮೊದಲು ಇಲಿಯ ಪ್ರಯೋಗಕ್ಕೆ ಸಣ್ಣ ಹಣ, ಆಮೇಲೆ 30 ವಯಸ್ಕ ಪುರುಷರ ಟ್ರಯಲ್‌ಗೆ ನೆರವು. ಮುಖ್ಯ ಗುರಿ ಸುರಕ್ಷತೆಯಷ್ಟೇ. ಆದರೆ ಹೆಸ್ಲ್ ಹೊಂದಿಸಿದ ಟ್ಯಾಬ್ಲೆಟ್ ಪರೀಕ್ಷೆಯಲ್ಲಿ ಪದ ಗುರುತಿಸುವುದು, ಓದುವುದು ಮುಂತಾದ ಭಾಷೆಯ ಅಂಕಗಳು ಔಷಧಿಯ ಅವಧಿಯಲ್ಲಿ ಮೇಲೇರಿದವು. ಕಂಪನಿಯನ್ನು ಜಪಾನಿನ ಶಿಯೊನೊಗಿ 2020ರಲ್ಲಿ ಕೊಂಡುಕೊಂಡಿತ್ತು. ಅದು ದೊಡ್ಡ ಟ್ರಯಲ್‌ಗಳಿಗೆ ಇಳಿಯಿತು. ಮೂವತ್ತು ಮಂದಿಯ ಫಲಿತಾಂಶವನ್ನು ನಂಬಿ ಕುಣಿಯಬಾರದು ಎಂದು ಮಾವೊಗ್ಲುರಾಂಟ್ ಕಥೆಯೇ ಹೇಳಿದೆ. ಆದರೂ ಈ ಸಲ ಫ್ರ್ಯಾಜೈಲ್ ಎಕ್ಸ್ ಇರುವವನನ್ನೇ ನೇರವಾಗಿ ಕೂರಿಸಿ ಅಳೆದಿದ್ದರು.

ನಮ್ಮಲ್ಲಿ

ಭಾರತದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವುದು 40 ಅಂಶಗಳ ಭಾರತೀಯ ಆಟಿಸಂ ಮಾಪನ. ಸಿಕಂದರಾಬಾದಿನ ಅಂದಿನ ರಾಷ್ಟ್ರೀಯ ಮನೋವೈಕಲ್ಯ ಸಂಸ್ಥೆ ಅದನ್ನು ರೂಪಿಸಿತು. ಶೇಕಡಾ ಎಷ್ಟು ಅಂಗವೈಕಲ್ಯ ಎಂದು ನಿರ್ಧರಿಸಲು ಅದು ಸಾಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಸೌಲಭ್ಯ ಪಡೆಯಲು ಬೇಕಾದದ್ದೂ ಅದೇ. ಮೂರು ತಿಂಗಳ ಔಷಧಿಯಿಂದಲೋ ಆರು ತಿಂಗಳ ವಾಕ್ ಚಿಕಿತ್ಸೆಯಿಂದಲೋ ಮಗು ಎಷ್ಟು ಮುಂದೆ ಬಂತು ಎಂದು ಹೇಳಲು ಅದನ್ನು ಮಾಡಿಲ್ಲ.

ಭಾಷೆಯೇ ಮುಖ್ಯ ಅಳತೆಯಾಗುತ್ತಿರುವ ಕಾಲ ಇದು. ಇಂಗ್ಲಿಷ್ ಮಗುವಿನ ಬೆಳವಣಿಗೆಯನ್ನು ವಾಕ್ಯದಲ್ಲಿ ಎಷ್ಟು ಪದ ಎಂದು ಎಣಿಸಿ ನೋಡುತ್ತಾರೆ. ‘ಬರಲ್ಲ’, ‘ಕೊಡಿಸ್ತೀನಿ’ ಎನ್ನುವ ಕನ್ನಡದ ಮಗು ಒಂದೇ ಪದದಲ್ಲಿ ಕಾಲ, ಕರ್ತೃ, ನಿರಾಕರಣೆ ಎಲ್ಲ ಹೇಳಿಬಿಡುತ್ತದೆ. ಪದ ಎಣಿಸಿದರೆ ಅದರ ಪ್ರಗತಿ ಕಾಣುವುದೇ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಭಾಷಾ ಪರೀಕ್ಷೆಗಳ ಮೇಲೆ ದಶಕಗಳಿಂದ ಕೆಲಸ ನಡೆದಿದೆ, ಬೆಂಗಳೂರಿನಲ್ಲಿ ಸಿನಾಪ್ಸ್ ವಿಜ್ಞಾನಿಗಳಿದ್ದಾರೆ, ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರಿದ್ದಾರೆ. ಈ ಮೂವರನ್ನು ಒಂದು ಅರ್ಜಿಯ ಕೆಳಗೆ ಕೂರಿಸಿ, ಔಷಧಿಯ ಹೆಸರೇ ಇಲ್ಲದ, ಬರೀ ಅಳತೆಗೋಲು ತಯಾರಿಸುವ ಐದು ವರ್ಷದ ಯೋಜನೆಗೆ ಹಣ ಕೊಡುವುದು ಕಟ್ಟಡ ಕಟ್ಟುವುದಕ್ಕಿಂತ ಅಗ್ಗ. ಮುಂದಿನ ಔಷಧಿ ಯಾವ ದೇಶದಿಂದ ಬಂದರೂ, ಅದರ ಟ್ರಯಲ್‌ನಲ್ಲಿ ಹಾಸನದ್ದೋ ಕಲಬುರಗಿಯದ್ದೋ ಮಗು ಸೇರಬೇಕಾದರೆ ಮೊದಲು ಈ ಅಳತೆ ಕನ್ನಡದಲ್ಲಿ ಇರಬೇಕು.